ಗೋಡೆ ಬುಡದ ಕೆಂಪು ಪುಡಿ

ದಿನಾ ಬೆಳಿಗ್ಗೆ ಅವ್ವ ಪಡಸಾಲೆ ಗುಡಿಸುವಾಗ ಗೋಡೆ ಬುಡದಲ್ಲಿ ಒಂದು ಹಿಡಿ ಕೆಂಪು ಪುಡಿ ಸಿಗುತ್ತಿತ್ತು. ನಿನ್ನೆ ಗುಡಿಸಿದ ಜಾಗದಲ್ಲೇ ಇವತ್ತು ಮತ್ತೆ. ಮೊದಲು ಇರುವೆ ಕೆಲಸ ಅಂದುಕೊಂಡೆವು. ಆಮೇಲೆ ಗೆದ್ದಲು ಅಂತ ಔಷಧಿ ಹೊಡೆಸಿದೆವು. ಪುಡಿ ಬೀಳುವುದು ನಿಲ್ಲಲಿಲ್ಲ. ಒಂದು ಭಾನುವಾರ ನಾನು ನೆಲಕ್ಕೆ ಕೂತು ಗೋಡೆ ನೋಡಿದೆ. ಸಿಮೆಂಟ್ ಗಿಲಾವು ಗೋಡೆ ಬಿಟ್ಟು ಉಬ್ಬಿತ್ತು. ತಟ್ಟಿದರೆ ಟೊಳ್ಳು ಸದ್ದು. ಬಿರುಕಿನೊಳಗೆ ಬೆರಳು ಹಾಕಿದೆ. ಒಳಗಿದ್ದ ಇಟ್ಟಿಗೆ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಕೈಗೆ ಬಂತು. ಅದರ ಮೇಲೆ ಬೆಳ್ಳಗೆ ಹೂವಿನಂಥದ್ದು ಏನೋ ಕೂತಿತ್ತು. ನಾಲಿಗೆಗೆ ಹಚ್ಚಿ ನೋಡಿದೆ. ಉಪ್ಪು.

ನೂರು ವರ್ಷ ದಾಟಿದ ಮನೆ. ಅದು ಒಳಗೊಳಗೇ ಪುಡಿಯಾಗುತ್ತಿದೆ ಅಂತ ಗೊತ್ತಾದದ್ದು ಅವತ್ತು.

ನಮ್ಮದು ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಗಲ್ಲಿ. ತಲೆಬಾಗಿಲ ಮೇಲೆ ಗಾರೆಯಲ್ಲಿ ಎತ್ತಿ ಬರೆದ 1912 ಎಂಬ ಅಂಕಿ ಈಗಲೂ ಇದೆ. ಕಟ್ಟಿಸಿದವರು ನಮ್ಮ ತಾತನ ಅಪ್ಪ. ಹತ್ತಿ ವ್ಯಾಪಾರ ಮಾಡುತ್ತಿದ್ದರು. ಬಳ್ಳಾರಿ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ನಮ್ಮ ಊರಿನ ಕಚೇರಿ, ಕಾಗದ, ಕಾನೂನು ಎಲ್ಲದಕ್ಕೂ ಮದ್ರಾಸೇ ದೊಡ್ಡದು. ಮನೆ ಕಟ್ಟುವ ರೀತಿಯೂ ಅಲ್ಲಿಂದ ಸ್ವಲ್ಪ ಬಂದಿದೆ. ಹಾಗಾಗಿ ನಮ್ಮ ಮನೆ ಎರಡು ಊರಿನ ಮನೆ. ಮುಂದಿನ ಅರ್ಧ ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ, ಮೇಲೆ ಮದ್ರಾಸ್ ತಾರಸಿ, ಅಂದರೆ ಮರದ ಜಂತಿಗಳ ಮೇಲೆ ಸಣ್ಣ ಇಟ್ಟಿಗೆ ಜೋಡಿಸಿದ ಚಾವಣಿ. ಹಿಂದಿನ ಅರ್ಧ ನಮ್ಮ ಕಡೆಯ ಹಳೆ ಪದ್ಧತಿ. ಕಲ್ಲುಮಣ್ಣಿನ ಗೋಡೆ, ಮರದ ಕಂಬ, ಕಂಬದ ತಲೆಗೆ ಬೋದಿಗೆ, ತೊಲೆ, ಜಂತಿ, ಮೇಲೆ ಮೇಲ್ಮುದ್ದೆ, ಅಂದರೆ ಮಣ್ಣಿನ ಮಾಳಿಗೆ. ನಡುವೆ ಒಂದು ಸಣ್ಣ ಅಂಗಳ. ಮುಂದೆ ಯಾರು ಬಂದರೂ ಕಾಣಬೇಕಾದದ್ದು ಹೊಸ ರೀತಿ. ಅಡುಗೆ, ಬಾಣಂತನ, ಕಾಳಿನ ಚೀಲ ಎಲ್ಲ ಹಳೆ ರೀತಿ. ಕಟ್ಟಿಸಿದವರ ಮನಸ್ಸು ಹೇಗಿತ್ತು ಅಂತ ಈ ಮನೆ ನೋಡಿದರೇ ತಿಳಿಯುತ್ತದೆ.

ಗೋಡೆ ಒಂದೂವರೆ ಅಡಿ ದಪ್ಪ. ಚಾವಣಿ 14 ಅಡಿ ಎತ್ತರ. ಕಿಟಕಿ ಮೇಲೆ ಚಪ್ಪಟೆ ಕಮಾನು. ಬೀದಿ ಕಡೆ ಕಟ್ಟೆ, ಕಟ್ಟೆ ಮೇಲೆ ನಾಲ್ಕು ದುಂಡು ಕಂಬ. ಆ ಕಂಬಗಳು ಕಲ್ಲಿನವು ಅಂತಲೇ ನಾನು ಐವತ್ತು ವರ್ಷ ನಂಬಿದ್ದೆ.

ಈ ಮನೆಗೆ ಸಿಮೆಂಟ್ ಬಂದದ್ದು ಸುಮಾರು ಇಪ್ಪತ್ತು ವರ್ಷದ ಹಿಂದೆ. ಹಳೆ ಗಾರೆ ಅಲ್ಲಲ್ಲಿ ಉದುರುತ್ತಿತ್ತು. ಮದುವೆ ಇತ್ತು. ಒಬ್ಬ ಗುತ್ತಿಗೆದಾರರು ಬಂದು, ಹಳೆ ಗಾರೆ ಕೆತ್ತಿ ಸಿಮೆಂಟ್ ಬಳಿದರೆ ಇನ್ನು ನೂರು ವರ್ಷ ಚಿಂತೆಯಿಲ್ಲ ಅಂದರು. ನಾವೂ ಹೂಂ ಅಂದೆವು. ನೆಲದಿಂದ ನಾಲ್ಕು ಅಡಿಯವರೆಗೆ ಒಳಗೂ ಹೊರಗೂ ಸಿಮೆಂಟ್ ಬಿತ್ತು. ಅದರ ಮೇಲೆ ಹೊಳೆಯುವ ಆಯಿಲ್ ಪೇಂಟ್. ತಾರಸಿ ಮೇಲೂ ಸಿಮೆಂಟ್ ಸುರಿದರು. ಆಮೇಲೆ ಇನ್ಯಾರೋ ಬಂದು ನೀರು ಸೋರದ ಲೇಪ ಅಂತ ರಬ್ಬರಿನ ಥರದ್ದು ಬಳಿದು ಹೋದರು. ಈ ನಡುವೆ ಬೀದಿಗೆ ಒಂದರ ಮೇಲೊಂದು ರಸ್ತೆ ಹಾಕಿ, ನಾಲ್ಕು ಮೆಟ್ಟಿಲು ಹತ್ತಿ ಬರಬೇಕಿದ್ದ ನಮ್ಮ ಕಟ್ಟೆಗೆ ಎರಡೇ ಮೆಟ್ಟಿಲು ಉಳಿದಿತ್ತು. ಮಳೆ ನೀರು, ಚರಂಡಿ ನೀರು ಎಲ್ಲ ಗೋಡೆ ಬುಡಕ್ಕೆ.

2022ರ ಮಳೆಗಾಲದಲ್ಲಿ ಮುಂದಿನ ಕೋಣೆಯ ಚಾವಣಿಯಿಂದ ಒಂದು ಹಾಸಿಗೆಯಷ್ಟು ಗಾರೆ ಬಿತ್ತು. ರಾತ್ರಿ ಹನ್ನೊಂದು ಗಂಟೆ. ಆ ಮಂಚದಲ್ಲಿ ಅವತ್ತು ಯಾರೂ ಮಲಗಿರಲಿಲ್ಲ. ಮರುದಿನ ನೋಡಲು ಬಂದ ಎಲ್ಲರದ್ದೂ ಒಂದೇ ಮಾತು: ಕೆಡವಿ ಆರ್‌ಸಿಸಿ ಹಾಕಿ, ಕೆಳಗೆ ಎರಡು ಅಂಗಡಿ ಬಾಡಿಗೆಗೆ ಬಿಡಿ. ಒಬ್ಬ ಎಂಜಿನಿಯರ್ ಚಾವಣಿ ಕಡೆ ಒಮ್ಮೆ ನೋಡಿ, ಇದಕ್ಕೆ ಲೆಕ್ಕ ಹಾಕಲು ಬರುವುದಿಲ್ಲ, ಇದರಲ್ಲಿ ಕಬ್ಬಿಣವೇ ಇಲ್ಲ ಅಂದರು. ನನ್ನ ತಮ್ಮನೂ ಕೆಡವುವುದೇ ಸರಿ ಅಂದ. ಅವ್ವ ಮಾತ್ರ ಏನೂ ಹೇಳಲಿಲ್ಲ. ಮಂಚ ಜರುಗಿಸಿ, ಬಿದ್ದ ಗಾರೆಯ ಚೂರುಗಳನ್ನು ಒಂದು ಮೂಲೆಯಲ್ಲಿ ಜೋಡಿಸಿಟ್ಟಳು. ಬಿಸಾಕಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಆ ಚೂರುಗಳಲ್ಲಿ ಒಂದನ್ನು ಶಾಲೆಗೆ ಒಯ್ದು ಒಂದು ತೊಟ್ಟು ಆಸಿಡ್ ಹಾಕಿದೆ. ಬುಸ್ಸೆಂದು ನೊರೆ ಬಂತು. ಅಂದರೆ ಅದು ಸುಣ್ಣದ ಕಲ್ಲೇ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರಿಗೆ ಹಾಕಿದರೆ ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ನಿಧಾನಕ್ಕೆ ವಾಪಸ್ ಎಳೆದುಕೊಂಡು ಮತ್ತೆ ಕಲ್ಲಾಗುತ್ತದೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿದರೆ ಬೆಳ್ಳಗಾಗುತ್ತದಲ್ಲ, ಮಕ್ಕಳಿಗೆ ಪ್ರತಿವರ್ಷ ಮಾಡಿ ತೋರಿಸುತ್ತೇನೆ. ಅದೇ ಕೆಲಸ ನಮ್ಮ ಗೋಡೆಯಲ್ಲಿ ನೂರು ವರ್ಷದಿಂದ ನಡೆದಿದೆ ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಆ ವಾರವೇ ಹಂಪಿಗೆ ಹೋಗಿ ಬಂದೆ. ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಯಾವಾಗಲೂ ಕಲ್ಲನ್ನೇ ನೋಡಿ ಬಂದವನು. ಈ ಸಲ ಇಟ್ಟಿಗೆ ನೋಡಲು ಹೋದೆ. ಗೋಪುರಗಳ ಬುಡ ಮಾತ್ರ ಕಲ್ಲು. ಮೇಲಿನದ್ದೆಲ್ಲ ಇಟ್ಟಿಗೆ ಮತ್ತು ಗಾರೆ. ಗಾರೆ ಉದುರಿದ ಗೋಪುರಗಳಲ್ಲಿ ಇಟ್ಟಿಗೆ ಸಾಲು ಸಾಲಾಗಿ ಕಾಣುತ್ತದೆ. ಕಮಲ ಮಹಲಿನ ಕಮಾನುಗಳ ನವುರು ಕೂಡ ಗಾರೆಯದೇ. 1565ರ ನಂತರ ಅಷ್ಟು ಕಾಲ ಕೇಳುವವರಿಲ್ಲದೆ ಬಿಸಿಲು, ಮಳೆಗೆ ನಿಂತ ಇಟ್ಟಿಗೆ ಅದು. ನಮ್ಮ ಮನೆಯ ಇಟ್ಟಿಗೆ ಮಾತ್ರ ಇಪ್ಪತ್ತು ವರ್ಷದಲ್ಲಿ ಪುಡಿಯಾಯಿತು. ಹಾಗಾದರೆ ತಪ್ಪು ಇಟ್ಟಿಗೆಯದ್ದಲ್ಲ, ಅಲ್ವಾ?

ತಮ್ಮನಿಗೆ ಇಷ್ಟೇ ಹೇಳಿದೆ. ಒಂದು ವರ್ಷ ಬಿಡು, ಆಗದಿದ್ದರೆ ಕೆಡವೋಣ. ಅವನು ಒಪ್ಪಿದ.

ಗಾರೆ ಗೊತ್ತಿರುವ ಗೌಂಡಿ ಸಿಗುವುದೇ ದೊಡ್ಡ ಕೆಲಸವಾಯಿತು. ಕೇಳಿದವರೆಲ್ಲ, ನಮ್ಮಪ್ಪ ಮಾಡುತ್ತಿದ್ದ, ನಮಗೆ ಬರುವುದಿಲ್ಲ ಅಂದರು. ಕೊನೆಗೆ ಗಂಗಾವತಿ ಕಡೆಯ ಒಬ್ಬ ಹಿರಿಯ ಗೌಂಡಿ ಸಿಕ್ಕರು. ಹರೆಯದಲ್ಲಿ ಗುಡಿಗಳ ಗಾರೆ ಕೆಲಸ ಮಾಡಿದವರು. ಎಪ್ಪತ್ತು ದಾಟಿದೆ. ಬಂದವರು ಮೊದಲು ಚಹಾ ಕೂಡ ಕುಡಿಯಲಿಲ್ಲ. ಗೋಡೆಗೆ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ ತಟ್ಟುತ್ತ ಇಡೀ ಪಡಸಾಲೆ ಸುತ್ತಿದರು. ಆಮೇಲೆ ಅಂದರು: "ಗೋಡಿಗೆ ರೈನ್‌ಕೋಟ್ ಹಾಕೀರಿ. ಒಳಗ ಬೆವತು ಸಾಯಾಕ ಹತ್ಯಾದ. ಮದ್ಲು ಅದನ್ನ ಬಿಚ್ರಿ."

ಇದಕ್ಕಿಂತ ಚೆನ್ನಾಗಿ ಯಾವ ಎಂಜಿನಿಯರಿಂಗ್ ಪುಸ್ತಕವೂ ಹೇಳಲಾರದು. ನೆಲದ ತೇವ ಇಟ್ಟಿಗೆಯೊಳಗೆ ಮೇಲೇರುತ್ತದೆ. ಅದನ್ನು ತಡೆಯಲು ಹಳೆ ಮನೆಗಳಿಗೆ ಏನೂ ಇಲ್ಲ. ಗಾರೆ ಗೋಡೆಯಾದರೆ ಆ ತೇವ ಗಾರೆಯ ಮೂಲಕ ಹೊರಗೆ ಹೋಗಿ ಆರುತ್ತದೆ. ಸಿಮೆಂಟ್ ಬಳಿದರೆ ದಾರಿ ಮುಚ್ಚಿತು. ತೇವ ಇನ್ನೂ ಮೇಲೆ ಹತ್ತುತ್ತದೆ. ಜೊತೆಗೆ ಬಂದ ಉಪ್ಪು ಇಟ್ಟಿಗೆಯ ಸಣ್ಣ ರಂಧ್ರದಲ್ಲೇ ಹರಳುಗಟ್ಟುತ್ತದೆ. ಹರಳು ಬೆಳೆದಂತೆ ಇಟ್ಟಿಗೆಯನ್ನು ಒಳಗಿಂದ ಸೀಳುತ್ತದೆ. ಅವ್ವ ಗುಡಿಸುತ್ತಿದ್ದ ಪುಡಿ ಅದೇ.

ಸಿಮೆಂಟ್ ಕೆತ್ತುವ ಕೆಲಸಕ್ಕೆ ಮಷೀನ್ ತರಿಸಿದ್ದೆ. ಹಿರಿಯರು ಮುಟ್ಟಲು ಬಿಡಲಿಲ್ಲ. ಸಣ್ಣ ಉಳಿ, ಸಣ್ಣ ಸುತ್ತಿಗೆ. ಎಲ್ಲಿ ಟೊಳ್ಳಿದೆಯೋ ಅಲ್ಲಿಂದ ಶುರು ಮಾಡಿ ಅಂಚಿಗೆ ಬರಬೇಕು. ಗಟ್ಟಿಯಾಗಿ ಹಿಡಿದ ಕಡೆ ಎಳೆದರೆ ಇಟ್ಟಿಗೆಯ ಮುಖವೇ ಕಿತ್ತು ಬರುತ್ತದೆ. ಹದಿನೆಂಟು ದಿನ ಬರೀ ಕೆತ್ತಿದ್ದು.

ಆ ಹದಿನೆಂಟು ದಿನದಲ್ಲಿ ನಾನು ನಮ್ಮ ಮನೆಯನ್ನು ಮೊದಲ ಸಲ ನೋಡಿದೆ. ಒಂದು ಸಾಲಿನಲ್ಲಿ ಇಟ್ಟಿಗೆಯ ಉದ್ದ ಕಾಣುತ್ತದೆ, ಮೇಲಿನ ಸಾಲಿನಲ್ಲಿ ಬರೀ ತಲೆ. ಮತ್ತೆ ಉದ್ದ, ಮತ್ತೆ ತಲೆ. ಇಂಗ್ಲಿಷ್ ಬಾಂಡ್ ಅಂತಾರಂತೆ. ಕೆಳಗಿನ ಸಂದಿನ ಮೇಲೆ ಮೇಲಿನ ಸಂದು ಬರಲೇಬಾರದು. ಕಿಟಕಿಯ ಕಮಾನಿನಲ್ಲಿ ಇಟ್ಟಿಗೆಗಳನ್ನು ಉಜ್ಜಿ ಉಜ್ಜಿ ಒಂದು ತುದಿ ತೆಳ್ಳಗೆ ಮಾಡಿದ್ದಾರೆ. ಸಂದಿನಲ್ಲಿ ಒಂದು ಬಿಳಿ ಗೆರೆಯಷ್ಟೇ ಗಾರೆ. ನಾಳೆ ಗಿಲಾವಿನ ಕೆಳಗೆ ಮುಚ್ಚಿಹೋಗುವ ಕೆಲಸಕ್ಕೆ ಅಷ್ಟು ನೇಮ ಯಾಕೆ ಅಂತ ಕೇಳಿದೆ. ಹಿರಿಯರು ನನ್ನ ಮುಖ ನೋಡಿ, "ಭಾರ ಹೊರೋದು ಅದೇ ಅಲ್ರಿ" ಅಂದರು.

ಕಂಬದ ಗಿಲಾವು ತೆಗೆದ ದಿನ ಅವ್ವನನ್ನು ಕುರ್ಚಿ ಹಾಕಿ ಕೂರಿಸಿ ತೋರಿಸಿದೆ. ಕಲ್ಲಲ್ಲ, ಇಟ್ಟಿಗೆ. ಅದೂ ಚೌಕ ಇಟ್ಟಿಗೆ ಅಲ್ಲ. ಜೋಳದ ರೊಟ್ಟಿಯನ್ನು ನಾಲ್ಕು ತುಂಡು ಮಾಡಿದ ಹಾಗೆ, ಒಂದು ಕಡೆ ದುಂಡಗೆ, ಎರಡು ಕಡೆ ನೇರ. ನಾಲ್ಕು ಸೇರಿದರೆ ಒಂದು ಸುತ್ತು. ಮೇಲಿನ ಸುತ್ತನ್ನು ಅರ್ಧ ಇಟ್ಟಿಗೆಯಷ್ಟು ತಿರುವಿ ಇಟ್ಟಿದ್ದಾರೆ, ಸಂದು ಸೇರದ ಹಾಗೆ. ಕಂಬಕ್ಕೆಂದೇ ಬೇರೆ ಅಚ್ಚು ಮಾಡಿ ಸುಡಿಸಿದ ಇಟ್ಟಿಗೆ. ಒಂದು ಸಡಿಲವಾಗಿತ್ತು, ಕೈಗೆ ತೆಗೆದುಕೊಂಡೆ. ಒಳಮುಖದಲ್ಲಿ ಭತ್ತದ ಹೊಟ್ಟಿನ ಗುರುತು, ಒಂದೊಂದು ಕಾಳಿನ ಗೆರೆಯೂ ಸ್ಪಷ್ಟ. ಪಕ್ಕದಲ್ಲಿ ಅಚ್ಚಿನಿಂದ ಮಣ್ಣು ಸವರಿ ತೆಗೆದ ಮೂರು ಬೆರಳಿನ ಎಳೆ. ನನ್ನ ಬೆರಳಿಗಿಂತ ಸಣ್ಣ ಬೆರಳು. ಹೆಂಗಸಿನದೋ, ಹುಡುಗನದೋ. ಅವ್ವ ತನ್ನ ಬೆರಳನ್ನು ಆ ಎಳೆಗಳಲ್ಲಿ ಇಟ್ಟು ನೋಡಿದಳು. ಸರಿಯಾಗಿ ಕೂತಿತು.

ಸುಣ್ಣದ ಕೆಲಸ ದಸರೆ ಮುಗಿಯುತ್ತಿದ್ದಂತೆ ಶುರುವಾಯಿತು. ಬಾಗಲಕೋಟೆ ಕಡೆಯ ಭಟ್ಟಿಯಿಂದ ಸುಟ್ಟ ಸುಣ್ಣದ ಹೆಂಟೆ ಬಂತು. ಅಂಗಳದಲ್ಲಿ ನಾಲ್ಕು ಅಡಿ ಗುಂಡಿ ತೋಡಿ, ಕಲ್ಲು ಹಾಸಿದೆವು. ಪಕ್ಕದ ತೊಟ್ಟಿಯಲ್ಲಿ ಮೊದಲು ನೀರು, ಆಮೇಲೆ ಸುಣ್ಣ. ಇದರಲ್ಲಿ ಅದಲು ಬದಲು ಮಾಡಬಾರದು. ಹೆಂಟೆಯ ಮೇಲೆ ನೀರು ಸುರಿದರೆ ಸಿಡಿದು ಕಣ್ಣಿಗೆ ಹಾರುತ್ತದೆ. ಎಲ್ಲರಿಗೂ ಕನ್ನಡಕ, ಕೈಗವಸು ತಂದೆ. ಕೈಗವಸು ಹಿರಿಯರಿಗೆ ಇಷ್ಟವಿರಲಿಲ್ಲ. ನಾನೂ ಬಿಡಲಿಲ್ಲ. ಹೆಂಟೆ ಬಿದ್ದ ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ತೊಟ್ಟಿ ಪೂರ್ತಿ ಕುದಿಯತೊಡಗಿತು. ಒಲೆಯಿಲ್ಲ, ಬೆಂಕಿಯಿಲ್ಲ. ಅನ್ನದ ಗಂಜಿಯ ಹಾಗೆ ಗುಳುಗುಳು. ಹಬೆ ಮಾಳಿಗೆ ಮೇಲಕ್ಕೆ ಎದ್ದಿತು. ಅರಳಿದ ಸುಣ್ಣ ಹೆಂಟೆಯ ಎರಡರಷ್ಟಾಯಿತು. ಅದನ್ನು ಜರಡಿ ಹಿಡಿದು ಗುಂಡಿಗೆ ಬಿಟ್ಟು, ಮೇಲೆ ಒಂದು ಗೇಣು ನೀರು ನಿಲ್ಲಿಸಿದೆವು. ಗಾಳಿ ತಾಗದಂತೆ ಇಟ್ಟರೆ ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಇಟ್ಟಷ್ಟೂ ಬೆಣ್ಣೆಯಾಗುತ್ತದೆ.

ನಮಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. ಎರಡೇ ವಾರಕ್ಕೆ ಒಂದು ಕೋಣೆಗೆ ಗಿಲಾವು ಮಾಡಿಸಿದೆ. ಹಿರಿಯರು ಬೇಡ ಅಂದರು. ಶಾಲೆಗೆ ದೀಪಾವಳಿ ರಜೆ ಇತ್ತು, ನಾನೇ ಒತ್ತಾಯ ಮಾಡಿದೆ. ತಿಂಗಳೊಳಗೆ ಆ ಗೋಡೆಯಲ್ಲಿ ಕಡಲೆ ಗಾತ್ರದ ಗುಳಿಗಳು ಎದ್ದವು. ಸರಿಯಾಗಿ ಅರಳದೇ ಉಳಿದ ಸುಣ್ಣದ ಹರಳು ಗೋಡೆಯೊಳಗೆ ತೇವ ಹೀರಿ ಅರಳಿ, ಗಿಲಾವನ್ನು ಚಿಪ್ಪು ಚಿಪ್ಪಾಗಿ ಸಿಡಿಸಿತ್ತು. ಪೂರ್ತಿ ಕೆತ್ತಿ ತೆಗೆಸಿದೆವು. ಹತ್ತು ದಿನದ ಕೂಲಿ ಹೋಯಿತು. ಇದನ್ನು ಮಾಡಲು ಹೊರಟವರು ಯಾರಾದರೂ ಓದುತ್ತಿದ್ದರೆ ಹೇಳುತ್ತೇನೆ. ಸುಣ್ಣ ಅರಳಿಸಿ ಕನಿಷ್ಠ ಎರಡು ಮೂರು ತಿಂಗಳು ಗುಂಡಿಯಲ್ಲಿ ಬಿಡಿ. ಮನೆ ಕೆಲಸ ಶುರು ಮಾಡುವ ಮೊದಲೇ ಗುಂಡಿ ತುಂಬಿಸಿಡಿ.

ಗಾರೆಯ ಪಾಕ ಹೀಗಿತ್ತು. ಒಂದು ಪಾಲು ಸುಣ್ಣ, ಎರಡು ಪಾಲು ಮರಳು, ಒಂದು ಪಾಲು ಸುರ್ಕಿ. ಸುರ್ಕಿ ಅಂದರೆ ಇಟ್ಟಿಗೆ ಪುಡಿ. ಜಾಸ್ತಿ ಸುಟ್ಟ ಕರಿ ಇಟ್ಟಿಗೆ ಬೇಡ. ಸ್ವಲ್ಪ ಹಸಿಯಾಗಿ ಸುಟ್ಟದ್ದೇ ಬೇಕು. ಅದರ ಜೇಡಿ ಸುಣ್ಣದೊಡನೆ ಸೇರಿ ತೇವದಲ್ಲೂ ಗಟ್ಟಿಯಾಗುತ್ತದೆ. ಬರೀ ಸುಣ್ಣ ಮರಳಾದರೆ ಗಾಳಿ ಬೇಕೇ ಬೇಕು. ಗೋಡೆ ಬುಡಕ್ಕೆ, ತಾರಸಿಗೆ ಸುರ್ಕಿ ಇಲ್ಲದೆ ಆಗುವುದಿಲ್ಲ. ನೀರಿನ ಬದಲು ಅಳಲೆಕಾಯಿ ಮತ್ತು ಬೆಲ್ಲ ಹಾಕಿ ಕೊಳೆಸಿದ ನೀರು. ಹತ್ತು ದಿನಕ್ಕೆ ಅದಕ್ಕೆ ಹುಳಿ ಹೆಂಡದ ವಾಸನೆ ಬರುತ್ತದೆ. ಓಣಿಯವರೆಲ್ಲ ಬಂದು ವಿಚಾರಿಸಿ ಹೋದರು.

ಮೊದಲು ನನಗೆ ಈ ಗಾರೆಯ ಮೇಲೆ ನಂಬಿಕೆ ಬರಲಿಲ್ಲ. ವಾರವಾದರೂ ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತಿತ್ತು. ಸ್ವಲ್ಪ ಸಿಮೆಂಟ್ ಸೇರಿಸೋಣವೇ ಅಂತ ಕೇಳಿದೆ. ಆಗ ಹಿರಿಯರು ಹೇಳಿದ ಮಾತು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. "ಗಾರಿ ಇಟ್ಟಂಗಿಗಿಂತ ಮೆತ್ತಗಿರಬೇಕ್ರಿ. ಮನಿ ಅಳ್ಳಾಡ್ತದ. ಅಳ್ಳಾಡಿದಾಗ ಗಾರಿ ಸೀಳಬೇಕು, ಇಟ್ಟಂಗಿ ಸೀಳಬಾರ್ದು. ಗಾರಿ ನಾಳೆ ಮತ್ತ ತುಂಬಬಹುದು. ಇಟ್ಟಂಗಿ ಎಲ್ಲಿಂದ ತರ್ತೀರಿ?" ನಮ್ಮ ಬಳ್ಳಾರಿಯ ಎರೆಮಣ್ಣಿಗೆ ಈ ಮಾತು ಇನ್ನೂ ಹೊಂದುತ್ತದೆ. ಮಳೆಗೆ ಉಬ್ಬಿ, ಬೇಸಿಗೆಗೆ ಕೈ ಹೋಗುವಷ್ಟು ಬಾಯಿ ಬಿಡುವ ಮಣ್ಣು ಅದು. ಅದರ ಮೇಲೆ ನಿಂತ ಗೋಡೆ ಪ್ರತಿವರ್ಷ ಕೂದಲೆಳೆಯಷ್ಟಾದರೂ ಅಲುಗುತ್ತದೆ. ಹಳೆ ಗಾರೆಯಲ್ಲಿ ಬಿದ್ದ ಸಣ್ಣ ಬಿರುಕು ಮಳೆ ನೀರಿನಲ್ಲಿ ಕರಗಿದ ಸುಣ್ಣದಿಂದ ತಾನೇ ಕೂಡಿಕೊಂಡದ್ದನ್ನು ಅವರು ನನಗೆ ತೋರಿಸಿದರು. ಬಿಳಿ ದಾರದ ಹಾಗೆ ಗೆರೆ ಇತ್ತು.

ಗೋಡೆ ಬುಡದ ಉಪ್ಪು ತೆಗೆಯಲು ಹಳೆ ದಿನಪತ್ರಿಕೆ ನೆನೆಸಿ, ಹಿಟ್ಟು ಮಾಡಿ ಇಟ್ಟಿಗೆಗೆ ಮೆತ್ತಿದೆವು. ಒಣಗುವಾಗ ಅದು ಉಪ್ಪನ್ನು ಎಳೆದುಕೊಳ್ಳುತ್ತದೆ. ಕಿತ್ತು ಬಿಸಾಕಿ ಮತ್ತೆ ಮೆತ್ತುವುದು. ಮೂರು ಸಲ. ಪೂರ್ತಿ ಪುಡಿಯಾದ ಇಟ್ಟಿಗೆಗಳನ್ನು ಒಂದೊಂದಾಗಿ ಹೊರತೆಗೆದು ಹೊಸದು ಕೂರಿಸಿದರು. ಹೊಸ ಇಟ್ಟಿಗೆ ಸಿರುಗುಪ್ಪ ಕಡೆಯಿಂದ ತಂದದ್ದು. ಮೊದಲು ತೂಕ ಹಾಕಿ, ಒಂದು ದಿನ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದೆ. ತೂಕ ನೂರಕ್ಕೆ 20ಕ್ಕಿಂತ ಜಾಸ್ತಿ ಏರಿದರೆ ಅದು ಬೇಡ. ಹೊರಗಡೆ ಗೋಡೆಗುಂಟ ಒಂದು ಕಾಲುವೆ ತೋಡಿ ಜಲ್ಲಿ ತುಂಬಿಸಿದೆವು. ರಸ್ತೆ ನೀರು ಗೋಡೆಗೆ ಬರುವ ಮೊದಲು ಅಲ್ಲೇ ಇಳಿದು ಹೋಗಲಿ ಅಂತ.

ಇನ್ನು ತಾರಸಿ. ಇದನ್ನು ನೋಡಲು ನಾನು ಶಾಲೆಗೆ ಒಂದು ವಾರ ರಜೆ ಹಾಕಿದೆ.

ಮದ್ರಾಸ್ ತಾರಸಿಯಲ್ಲಿ ಗೋಡೆಯಿಂದ ಗೋಡೆಗೆ ಸಾಗವಾನಿ ಜಂತಿಗಳು. ಒಂದರಿಂದ ಇನ್ನೊಂದಕ್ಕೆ ಒಂದೂವರೆ ಅಡಿ. ಅದರ ಮೇಲೆ ಇಟ್ಟಿಗೆ. ಗೋಡೆಯ ಇಟ್ಟಿಗೆ ಅಲ್ಲ. ಆರು ಇಂಚು ಉದ್ದ, ಮೂರು ಇಂಚು ಅಗಲ, ಒಂದೇ ಇಂಚು ದಪ್ಪದ ಸಣ್ಣ ಇಟ್ಟಿಗೆ. ಅದನ್ನು ಅಂಚಿನ ಮೇಲೆ ನಿಲ್ಲಿಸಿ, ಕೋಣೆಗೆ ಓರೆಯಾಗಿ ಸಾಲು ಹಿಡಿಯುತ್ತಾರೆ. ನಮ್ಮ ಹಳೆ ಸಿಮೆಂಟಿನ ಪದರ ತೆಗೆದಾಗ ಮೂರು ಜಂತಿಯ ತುದಿ ಗೋಡೆಯೊಳಗೆ ಕೊಳೆತಿತ್ತು. ಮಧ್ಯಭಾಗ ಉಕ್ಕಿನ ಹಾಗಿತ್ತು. ಬಡಗಿ ಕೊಳೆತ ತುದಿಯನ್ನಷ್ಟೇ ಕತ್ತರಿಸಿ, ಹಳೆ ಸಾಗವಾನಿಯ ತುಂಡು ಓರೆ ಬೆಸುಗೆಯಲ್ಲಿ ಕೂಡಿಸಿದ. ಗೋಡೆಯೊಳಗೆ ಹೋಗುವ ಭಾಗಕ್ಕೆ ಗೇರೆಣ್ಣೆ ಬಳಿದು, ಸುತ್ತ ಗಾಳಿಯಾಡಲು ಸ್ವಲ್ಪ ಜಾಗ ಬಿಟ್ಟ. ಸಣ್ಣ ಇಟ್ಟಿಗೆಗಳು ಕೌಲ್ ಬಜಾರಿನಲ್ಲಿ ಕೆಡವುತ್ತಿದ್ದ ಒಂದು ಹಳೆ ಮನೆಯಲ್ಲಿ ಸಿಕ್ಕವು. ಆ ಮನೆಯ ಯಜಮಾನರು ದುಡ್ಡು ತೆಗೆದುಕೊಳ್ಳಲಿಲ್ಲ. ನಿಮ್ಮಲ್ಲಾದರೂ ಇರಲಿ ಅಂದರು.

ಈ ಚಾವಣಿಗೆ ಕೆಳಗಿನಿಂದ ಸೆಂಟ್ರಿಂಗ್ ಇಲ್ಲ. ಹಲಗೆ ಇಲ್ಲ, ಗೂಟ ಇಲ್ಲ. ಹಿರಿಯರು ಮೂಲೆಯಲ್ಲಿ ಕೂತು, ನೀರಲ್ಲಿ ನೆನೆದ ಇಟ್ಟಿಗೆ ಎತ್ತಿಕೊಂಡು, ಕರಣೆಯಿಂದ ಅದರ ಎರಡು ಮುಖಕ್ಕೆ ಬೆಣ್ಣೆ ಸವರಿದಂತೆ ಗಾರೆ ಸವರಿ, ಮೂಲೆಗೆ ಒತ್ತಿ ಹಿಡಿಯುತ್ತಿದ್ದರು. ಹತ್ತು ಎಣಿಸುವಷ್ಟು ಹೊತ್ತು. ಆಮೇಲೆ ಕೈ ಬಿಡುತ್ತಿದ್ದರು. ಇಟ್ಟಿಗೆ ಬೀಳುತ್ತಿರಲಿಲ್ಲ. ಕೆಳಗೆ ಬರೀ ಗಾಳಿ. ಮೂಲೆಯಿಂದ ಶುರುವಾದ್ದರಿಂದ ಮೊದಲ ಸಾಲಿಗೆ ಒಂದೇ ಇಟ್ಟಿಗೆ, ಮುಂದಿನದಕ್ಕೆ ಎರಡು, ಆಮೇಲೆ ಮೂರು. ಪ್ರತಿ ಸಾಲು ಹಿಂದಿನ ಸಾಲಿಗೆ ಆತುಕೊಂಡು ನಿಲ್ಲುತ್ತದೆ. ಓರೆ ಯಾಕೆ ಅನ್ನುವುದು ಆಗ ತಿಳಿಯಿತು. ನಾನು ಕೆಳಗೆ ನಿಂತು ಮೇಲೆ ನೋಡುತ್ತಿದ್ದೆ. ಮೊದಲ ದಿನ ಸಂಜೆಗೆ ಆಕಾಶದಲ್ಲಿ ಒಂದು ಕೆಂಪು ತ್ರಿಕೋನ ಮೂಡಿತ್ತು. ನಾಲ್ಕನೇ ದಿನ ಆಕಾಶ ಮುಚ್ಚಿತು. ಇದರ ಲೆಕ್ಕ ಬರುವುದಿಲ್ಲ ಅಂದ ಎಂಜಿನಿಯರ್ ಅವರನ್ನು ಆ ದಿನ ನಾನೇ ಕರೆಸಿದೆ. ಬಂದರು. ಬಹಳ ಹೊತ್ತು ಮಾತಾಡದೆ ನಿಂತರು. ಆಮೇಲೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು, ಹಿರಿಯರ ಪಕ್ಕ ಕೂತು ಒಂದೊಂದೇ ಪ್ರಶ್ನೆ ಕೇಳಿದರು.

ಇಟ್ಟಿಗೆಯ ಮೇಲೆ ಮೂರು ಇಂಚು ಇಟ್ಟಿಗೆ ಜಲ್ಲಿ, ಸುಣ್ಣ. ಅದನ್ನು ಬಡಿಯಬೇಕು. ಎಂಟು ಜನ ಹೆಂಗಸರು ಕೊಡತಿ ಹಿಡಿದು ಸಾಲಾಗಿ ಕೂತು, ಅಳಲೆಕಾಯಿ ನೀರು ಚಿಮುಕಿಸುತ್ತ, ಐದು ದಿನ ಬಡಿದರು. ಮೊದಲ ದಿನ ಸದ್ದು ಡಬ್ ಡಬ್ ಅಂತ ಮೆತ್ತಗಿತ್ತು. ಮೂರನೇ ದಿನಕ್ಕೆ ಗಟ್ಟಿಯಾಯಿತು. ಐದನೇ ದಿನ ಟಣ್ ಅನ್ನತೊಡಗಿತು. ಕೊಡತಿ ಪುಟಿದು ಮೇಲೆ ಬರುತ್ತಿತ್ತು. ಕೆಲಸ ಆಯಿತು ಅಂತ ಆ ಸದ್ದೇ ಹೇಳಬೇಕಂತೆ. ಅದರ ಮೇಲೆ ಎರಡು ವರಸೆ ಚಪ್ಪಟೆ ಬಿಲ್ಲೆ, ಮೂಲೆಗೆ ಇಳಿಜಾರು. ಹುಲ್ಲು ಹಾಸಿ ಹದಿನೈದು ದಿನ ನೀರು ಹಿಡಿದೆವು. ಬಡಿದ ಎಂಟು ಜನರಲ್ಲಿ ಇಬ್ಬರು ಮಾತ್ರ ಹಿಂದೆ ಈ ಕೆಲಸ ಮಾಡಿದವರು. ಉಳಿದವರು ಇಲ್ಲೇ ಕಲಿತರು. ನನಗೆ ಅದು ಮನೆ ಉಳಿದದ್ದಕ್ಕಿಂತ ಕಡಿಮೆ ಸಂತೋಷದ ವಿಷಯವಲ್ಲ.

ಗೋಡೆಯ ಗಿಲಾವು ಮಾರ್ಚ್ ಮೊದಲ ವಾರಕ್ಕೆ ಮುಗಿಸಿದೆವು. ಬಳ್ಳಾರಿಯ ಬಿಸಿಲಿಗೆ ಗಾರೆ ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಹಸಿ ಗೋಣಿಚೀಲ ಕಟ್ಟಿ, ದಿನಕ್ಕೆ ಮೂರು ಸಲ ನೀರು ಹೊಡೆದೆ. ಬಣ್ಣ ಹಚ್ಚಲಿಲ್ಲ, ಬರೀ ಸುಣ್ಣ. ಖರ್ಚು ಸಿಮೆಂಟಿಗಿಂತ ಜಾಸ್ತಿನೇ ಆಯಿತು. ಸಾಮಾನಿಗೆ ಅಲ್ಲ, ಕೂಲಿಗೆ. ಆ ದುಡ್ಡು ಕೈಕೆಲಸದವರಿಗೆ ಹೋಯಿತು ಅಂತ ನನಗೆ ಬೇಸರವಿಲ್ಲ. ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಹೊರಗೆ 41 ಡಿಗ್ರಿ ಇದ್ದಾಗ ಪಡಸಾಲೆಯಲ್ಲಿ ಥರ್ಮಾಮೀಟರ್ ಇಟ್ಟೆ. 33 ತೋರಿಸಿತು. ತಮ್ಮ ತನ್ನ ಹೊಸ ಮನೆಯಿಂದ ಊಟಕ್ಕೆ ಬಂದವನು ಸಂಜೆಯವರೆಗೆ ನೆಲದ ಮೇಲೆ ಮಲಗಿ ಎದ್ದ. ಕೆಡವುವ ಮಾತು ಮತ್ತೆ ಬರಲಿಲ್ಲ.

ಪುಡಿ ಪೂರ್ತಿ ನಿಂತಿಲ್ಲ. ಗೋಡೆಯೊಳಗೆ ಇಪ್ಪತ್ತು ವರ್ಷ ಕೂತ ಉಪ್ಪು ಒಂದೇ ವರ್ಷದಲ್ಲಿ ಹೋಗುವುದಿಲ್ಲ. ಈಗ ಬೀಳುವ ಪುಡಿ ಬಿಳಿ. ಅಂದರೆ ಗಾರೆಯದ್ದು, ಇಟ್ಟಿಗೆಯದ್ದಲ್ಲ. ಬುಡದ ಎರಡು ಅಡಿ ಗಿಲಾವನ್ನು ಕೆಲವು ವರ್ಷಕ್ಕೊಮ್ಮೆ ತೆಗೆದು ಹೊಸದು ಹಾಕಬೇಕು ಅಂತ ಹಿರಿಯರು ಮೊದಲೇ ಹೇಳಿದ್ದರು. ಅವ್ವ ಈಗಲೂ ಗುಡಿಸುತ್ತಾಳೆ. ಗುಡಿಸಿದ್ದನ್ನು ಮೊದಲು ಅಂಗೈ ಮೇಲೆ ಹಾಕಿಕೊಂಡು ಬಣ್ಣ ನೋಡುತ್ತಾಳೆ.

ಹಿಂದಿನ ಅರ್ಧ ಮನೆ ಇನ್ನೂ ಬಾಕಿ. ಮೇಲ್ಮುದ್ದೆ ಬಿಚ್ಚಿ ಹೊಸ ಕರಲು ಮಣ್ಣು ಹಾಕಬೇಕು. ಎರಡು ಬೋದಿಗೆ ಬದಲಾಗಬೇಕು. ಅಂಗಳದ ಗುಂಡಿಯಲ್ಲಿ ಇನ್ನೂ ಅರ್ಧ ಸುಣ್ಣ ಇದೆ. ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮೊದಲು ಅದರ ಮೇಲೆ ಒಂದು ಗೇಣು ನೀರು ಇದೆಯಾ ಅಂತ ನೋಡಿ ಹೋಗುತ್ತೇನೆ.